ಅವ್ವ ಕೂರುವ ಸೀಟು ಬಿಸಿ ಆಗ್ತಿಲ್ಲ: ಬಳ್ಳಾರಿ ಕಡೆ ಯಾರಾದ್ರೂ ರಿಪೇರಿ ಮಾಡಿದ್ದೀರಾ?

ಕೋಟೆಗುಡ್ಡ ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ಬಳ್ಳಾರಿ ಬಿಸಿಲಲ್ಲಿ ಸೀಟು ಬಿಸಿ ಮಾಡೋದು ಯಾಕೆ ಅಂತ ಕೇಳುವವರೇ ಜಾಸ್ತಿ. ಅದಕ್ಕೆ ಮೊದಲೇ ಹೇಳಿಬಿಡುತ್ತೇನೆ. ಇದು ನನ್ನ ಅವ್ವನಿಗಾಗಿ.

ಅವ್ವನಿಗೆ 68 ವರ್ಷ. ಸಿರುಗುಪ್ಪ ಕಡೆ ಹೊಲದಲ್ಲಿ ಭತ್ತದ ನಾಟಿ, ಮೆಣಸಿನಕಾಯಿ ಬಿಡಿಸೋದು ಅಂತ ಮೂವತ್ತು ವರ್ಷ ಬಗ್ಗಿ ದುಡಿದಿದ್ದಾರೆ. ಈಗ ಸೊಂಟ ಕೈಕೊಟ್ಟಿದೆ. ನೋವು ಬಲಗಾಲಿನ ತನಕ ಇಳಿಯುತ್ತದೆ. ವಾರಕ್ಕೆ ಎರಡು ಸಲ ಊರಿಂದ ಬಳ್ಳಾರಿಗೆ ಫಿಸಿಯೋಥೆರಪಿಗೆ ಕರೆದುಕೊಂಡು ಬರುತ್ತೇನೆ. ಎಸಿ ಹಾಕಿದರೆ ಅವರ ಸೊಂಟ ಹಿಡಿದುಕೊಳ್ಳುತ್ತದೆ. ಹಾಕದಿದ್ದರೆ ಈ ಬಿಸಿಲಲ್ಲಿ ಕಾರೊಳಗೆ ಕೂರೋಕಾಗಲ್ಲ.

ನನ್ನದು ಎರಡು ವರ್ಷದ ಹಿಂದೆ ಬೆಂಗಳೂರಿಂದ ತಂದ ಸೆಕೆಂಡ್ ಹ್ಯಾಂಡ್ ಕಾರು. ಮುಂದಿನ ಎರಡೂ ಸೀಟಿಗೆ ಬಿಸಿ ಮಾಡುವ ಬಟನ್ ಇದೆ. ಡಿಸೆಂಬರಿನ ಒಂದು ನಸುಕಿನಲ್ಲಿ ಸುಮ್ನೆ ಒತ್ತಿ ನೋಡಿದೆ. ಐದು ನಿಮಿಷಕ್ಕೆ ಅವ್ವ, 'ಯಾರೋ ಬೆನ್ನಿಗೆ ಬಿಸಿನೀರಿನ ಚೀಲ ಇಟ್ಟಂಗಾತಲ್ಲೋ' ಅಂದರು. ಅವತ್ತಿಂದ ಎಸಿಯೂ ಹಾಕುತ್ತೇನೆ, ಅವರ ಸೀಟನ್ನೂ ಬಿಸಿ ಮಾಡುತ್ತೇನೆ. ದಾರಿಯುದ್ದಕ್ಕೂ ಮಾತಾಡಿಕೊಂಡು ಬರುತ್ತಿದ್ದರು.

ಯುಗಾದಿ ಆದಮೇಲೆ ಅವರ ಸೀಟು ಬಿಸಿ ಆಗ್ತಿಲ್ಲ. ಬಟನ್ ಒತ್ತಿದರೆ ಮೂರು ದೀಪ ಹತ್ತುತ್ತವೆ, ಐದಾರು ಸೆಕೆಂಡಿಗೆ ಆರಿಹೋಗುತ್ತವೆ. ಕೂರುವ ಜಾಗ, ಬೆನ್ನಿನ ಜಾಗ ಎರಡೂ ತಣ್ಣಗಿವೆ. ನನ್ನ ಸೀಟು ಚೆನ್ನಾಗಿದೆ. ಒಂದು ಗ್ಯಾರೇಜಿನವರು ಪೂರ್ತಿ ಸೀಟೇ ಬದಲಾಯಿಸಬೇಕು, 42 ಸಾವಿರ ಆಗುತ್ತದೆ ಅಂದರು. ಇನ್ನೊಬ್ಬರು ಕಂಟ್ರೋಲ್ ಬಾಕ್ಸ್ ಹೋಗಿದೆ ಅಂದರು. ಇಬ್ಬರೂ ಮೀಟರ್ ಕೈಗೆ ತಗೊಳ್ಳಲಿಲ್ಲ. ನನ್ನ ಹತ್ತಿರ ಒಂದು ಸಾದಾ ಮಲ್ಟಿಮೀಟರ್ ಇದೆ. ಎಲ್ಲಿಂದ ಶುರು ಮಾಡಲಿ?

ತೋರಣಗಲ್ಲು ಮೇಂಟೆನೆನ್ಸ್

ಸರ್, ಸೀಟೂ ಬೇಡ, ಬಾಕ್ಸೂ ಬೇಡ. ಮೊದಲು ಅಳತೆ. ನಾನು ಕಾರ್ಖಾನೆಯಲ್ಲಿ ಹೀಟರ್, ಮೋಟಾರ್ ನೋಡುವವನು. ಸೀಟು ಬಿಸಿ ಮಾಡುವ ವ್ಯವಸ್ಥೆ ಬಹಳ ಸರಳ. ಮೇಲಿನ ಬಟ್ಟೆಗೂ ಸ್ಪಂಜಿಗೂ ನಡುವೆ ತೆಳ್ಳನೆಯ ತಂತಿ ಹಾವಿನಂತೆ ಸುತ್ತಿಕೊಂಡು ಹೋಗಿರುತ್ತದೆ. ಕೆಲವು ಕಾರುಗಳಲ್ಲಿ ತಂತಿಯ ಬದಲು ಕಾರ್ಬನ್ ನಾರಿನ ಹಾಳೆ. ಕರೆಂಟ್ ಹರಿದರೆ ಬಿಸಿ. ಬಿಸಿ ಎಷ್ಟಾಯಿತು ಎಂದು ನೋಡೋಕೆ ಪಕ್ಕದಲ್ಲಿ ಒಂದು ಪುಟ್ಟ ಥರ್ಮಿಸ್ಟರ್ ಇರುತ್ತದೆ. ಅದನ್ನು ನೋಡಿಕೊಂಡು ಬಾಕ್ಸ್ ಕರೆಂಟನ್ನು ಬಿಡುತ್ತದೆ, ನಿಲ್ಲಿಸುತ್ತದೆ. ಅಷ್ಟೆ.

ಕೂರುವ ಭಾಗ, ಬೆನ್ನಿನ ಭಾಗ ಎರಡೂ ಒಟ್ಟಿಗೆ ತಣ್ಣಗಾಗಿವೆ ಅಂದಿರಿ. ಬಹಳ ಕಾರುಗಳಲ್ಲಿ ಇವೆರಡನ್ನೂ ಸೀರೀಸ್‌ನಲ್ಲಿ ಜೋಡಿಸಿರುತ್ತಾರೆ. ಜಾತ್ರೆಯ ಸೀರಿಯಲ್ ಸೆಟ್ ದೀಪ ಗೊತ್ತಲ್ವಾ, ಒಂದು ಕಡೆ ಕಟ್ಟಾದರೆ ಪೂರ್ತಿ ಸರ ಆರಿದ ಹಾಗೆ. ದೀಪ ಹತ್ತಿ ಆರುತ್ತಿದೆ ಅಂದರೆ ಬಾಕ್ಸ್ ಜೀವಂತ ಇದೆ. ಕರೆಂಟ್ ಬಿಟ್ಟು ನೋಡಿ, ಹರಿಯುತ್ತಿಲ್ಲ ಎಂದು ತಾನೇ ನಿಲ್ಲಿಸುತ್ತಿದೆ ಎಂದು ನನ್ನ ಅಂದಾಜು.

ನಿಮಗೊಂದು ಅನುಕೂಲ ಇದೆ. ಚೆನ್ನಾಗಿರುವ ಸೀಟು ಪಕ್ಕದಲ್ಲೇ ಇದೆ. ಪುಸ್ತಕ ಇಲ್ಲ, ಸರ್ಕ್ಯೂಟ್ ಚಿತ್ರ ಇಲ್ಲ ಅಂತ ಚಿಂತೆ ಬೇಡ. ನಿಮ್ಮ ಸೀಟಲ್ಲಿ ಏನು ಬರುತ್ತದೋ ಅವ್ವನ ಸೀಟಲ್ಲೂ ಹೆಚ್ಚುಕಮ್ಮಿ ಅದೇ ಬರಬೇಕು.

ಒಂದು ಮಾತು ದಯವಿಟ್ಟು ಎರಡು ಸಲ ಓದಿ. ಸೀಟಿನ ಕೆಳಗೆ ಹಳದಿ ಬಣ್ಣದ ಕನೆಕ್ಟರ್ ಇರುತ್ತದೆ. ಅದು ಏರ್‌ಬ್ಯಾಗಿನದು. ಅದಕ್ಕೆ ಮೀಟರ್ ಹಚ್ಚಬಾರದು. ಮೀಟರ್ ಓಮ್ಸ್‌ನಲ್ಲಿದ್ದಾಗ, ಅಂದರೆ ತಂತಿ ಕರೆಂಟನ್ನು ಎಷ್ಟು ತಡೆಯುತ್ತದೆ ಎಂದು ಅಳೆಯುವಾಗ, ತಾನೇ ಸಣ್ಣ ಕರೆಂಟ್ ಬಿಡುತ್ತದೆ. ಏರ್‌ಬ್ಯಾಗ್ ಸಿಡಿಯೋಕೆ ದೊಡ್ಡ ಕರೆಂಟೇನೂ ಬೇಡ. ಈಗ ಹೀಟರಿನ ಕನೆಕ್ಟರ್ ಒಂದನ್ನೇ ಬಿಚ್ಚಿ. ಹಳದಿಯದು ಇದ್ದಲ್ಲೇ ಇರಲಿ. ಬಿಚ್ಚುವಾಗ ಕೀ ಆಫ್ ಇರಲಿ.

ಹೀಟರ್ ಕನೆಕ್ಟರಿನಲ್ಲಿ ಸಾಮಾನ್ಯವಾಗಿ ಎರಡು ದಪ್ಪ ತಂತಿ, ಎರಡು ಸಣ್ಣ ತಂತಿ ಇರುತ್ತವೆ. ದಪ್ಪದ್ದು ಬಿಸಿ ಮಾಡುವ ತಂತಿಗೆ, ಸಣ್ಣದು ಥರ್ಮಿಸ್ಟರ್‌ಗೆ. ಸೀಟಿನ ಕಡೆಯ ಅರ್ಧದಲ್ಲಿ ಎರಡೂ ಜೋಡಿಯ ಓಮ್ಸ್ ನೋಡಿ. ಮೊದಲು ಮೀಟರಿನ ಎರಡು ಕಡ್ಡಿ ಒಂದಕ್ಕೊಂದು ತಾಗಿಸಿ ಎಷ್ಟು ತೋರಿಸುತ್ತದೆ ಬರೆದುಕೊಳ್ಳಿ. 0.3, 0.4 ಏನಾದರೂ ಬರುತ್ತದೆ. ಅದನ್ನು ಕಳೆಯಬೇಕು. ನಾವು ನೋಡುತ್ತಿರುವುದು ಎರಡು ಮೂರು ಓಮ್ಸ್‌ನ ಲೆಕ್ಕ. ಅಲ್ಲಿ 0.4 ಸಣ್ಣದಲ್ಲ.

ಕೋಟೆಗುಡ್ಡ ಬಳ್ಳಾರಿ

ತುಂಬಾ ಥ್ಯಾಂಕ್ಸ್ ಸರ್. ಇವತ್ತು ಭಾನುವಾರ, ಮಧ್ಯಾಹ್ನ ಎರಡು ಗಂಟೆಗೆ ಕೂತೆ. ಈಗ ಇನ್ನೂ ಗಾಬರಿ ಆಗಿದೆ. ಫ್ಯೂಸ್ ಚೆನ್ನಾಗಿದೆ. ಆದರೆ ಈಗ ನನ್ನ ಸೀಟೂ ಬಿಸಿ ಆಗ್ತಿಲ್ಲ! ಇನ್ನೂ ಏನನ್ನೂ ಬಿಚ್ಚಿರಲಿಲ್ಲ. ಎಂಜಿನ್ ಶುರು ಮಾಡಿ ಎರಡೂ ಬಟನ್ ಒತ್ತಿದೆ. ನನ್ನ ಕಡೆ ದೀಪ ಹತ್ತೇ ಇದೆ, ಸೀಟಿನೊಳಗೆ ಏನೂ ಇಲ್ಲ. ಆಮೇಲೆ ನನ್ನ ಸೀಟಿನ ಕನೆಕ್ಟರ್ ಬಿಚ್ಚಿ ಸಣ್ಣ ತಂತಿಗಳ ನಡುವೆ ನೋಡಿದೆ, 3.4 ಕಿಲೋ ಓಮ್ಸ್ ಬಂತು. ಅಲ್ಲಿಗೇ ನಿಲ್ಲಿಸಿದೆ. ಎರಡೂ ಹೋದವಾ? ಹಾಗಾದರೆ ಬಾಕ್ಸೇ ಹೋಗಿದೆ ಅಂದವರ ಮಾತು ನಿಜವಾ?

ರಾಯಚೂರು ಬಿಸಿಲು

ಅಣ್ಣಾ, ಗಾಬರಿ ಬೇಡ. ಏನೂ ಹೋಗಿಲ್ಲ. ಕಾರು ಎಲ್ಲಿ ನಿಲ್ಲಿಸಿತ್ತು? ಬಿಸಿಲಲ್ಲಿ ಅಲ್ವಾ?

ನಾನು ರಾಯಚೂರಿನವನು, ಶಕ್ತಿನಗರದ ಕಡೆ ಕೆಲಸ. ನನ್ನ ಕಾರಲ್ಲೂ ಈ ಬಟನ್ ಇದೆ, ಇದೇ ಆಟ ಆಡಿದೆ. ಥರ್ಮಿಸ್ಟರ್ ಅನ್ನೋದು ಬಿಸಿ ಏರಿದಂತೆ ಓಮ್ಸ್ ಇಳಿಸುತ್ತದೆ. ಬಹಳ ಕಡೆ 25 ಡಿಗ್ರಿಗೆ 10 ಕಿಲೋ ಓಮ್ಸ್ ಇರುವ ಜಾತಿಯದ್ದನ್ನು ಹಾಕಿರುತ್ತಾರೆ. ಅದು 40 ಡಿಗ್ರಿಗೆ 5 ಕಿಲೋ ಆಸುಪಾಸು, 50 ಡಿಗ್ರಿಗೆ ಮೂರೂವರೆ ಆಸುಪಾಸು ಬರುತ್ತದೆ. ನಿಮಗೆ 3.4 ಬಂದಿದೆ. ಅಂದರೆ ನಿಮ್ಮ ಸೀಟಿನ ಒಳಗೆ ಆಗಲೇ 50 ಡಿಗ್ರಿ ದಾಟಿದೆ. ಈ ಸೀಟುಗಳು ತಲುಪಬೇಕಾದ ಬಿಸಿಯೇ ಸುಮಾರು 40 ಡಿಗ್ರಿ. ಬಿಸಿಲೇ ಆ ಕೆಲಸ ಮುಗಿಸಿದೆ. ಬಾಕ್ಸ್ ಇನ್ನು ಕರೆಂಟ್ ಯಾಕೆ ಬಿಡುತ್ತದೆ?

ಚಳಿ ದೇಶದವರು ಬರೆದ ರಿಪೇರಿ ಪುಸ್ತಕದಲ್ಲಿ ಈ ಮಾತು ಸಿಗೋದು ಕಷ್ಟ. ಅವರಿಗೆ ಬಿಸಿಲಲ್ಲಿ ಬೆಂದ ಸೀಟಿನ ಗೋಜಿಲ್ಲ. ನಮ್ಮಲ್ಲಿ ಏಪ್ರಿಲ್ ಮಧ್ಯಾಹ್ನ ಸೀಟು ಪರೀಕ್ಷೆ ಮಾಡಿದರೆ ಚೆನ್ನಾಗಿರೋದೂ ಕೆಟ್ಟಂತೆ ಕಾಣುತ್ತದೆ. ಮುಂಜಾನೆ ಐದೂವರೆಗೆ ನೋಡಿ. ಇಲ್ಲಾಂದ್ರೆ ನೆರಳಲ್ಲಿ ನಿಲ್ಲಿಸಿ, ಅರ್ಧ ಗಂಟೆ ಎಸಿ ಹಾಕಿ, ಸೀಟು ತಣ್ಣಗಾದ ಮೇಲೆ ನೋಡಿ.

ತೋರಣಗಲ್ಲು ಮೇಂಟೆನೆನ್ಸ್

ರಾಯಚೂರು ಸರ್ ಹೇಳಿದ್ದು ಸರಿ. ಇದು ನನಗೆ ಹೊಳೆದಿರಲಿಲ್ಲ. ಕೋಟೆಗುಡ್ಡ ಸರ್, ಒಂದು ವ್ಯತ್ಯಾಸ ಗಮನಿಸಿ. ನಿಮ್ಮ ಸೀಟಿನ ದೀಪ ಹತ್ತೇ ಇತ್ತು. ಅವ್ವನ ಸೀಟಿನದು ಆರುತ್ತದೆ. 'ಸಾಕಷ್ಟು ಬಿಸಿ ಇದೆ' ಅನ್ನೋದು ಬೇರೆ, 'ಎಲ್ಲೋ ತಪ್ಪಿದೆ' ಅನ್ನೋದು ಬೇರೆ. ಬಾಕ್ಸ್ ಎರಡನ್ನೂ ಬೇರೆ ಬೇರೆಯಾಗಿ ಹೇಳುತ್ತಿದೆ. ನಾಳೆ ನಸುಕಿಗೆ ನೋಡಿ ಬರೆಯಿರಿ.

ಸಿಂಧನೂರು ಭತ್ತ

ಇಷ್ಟೆಲ್ಲ ಯಾಕೆ? ಬ್ಯಾಟರಿಯಿಂದ ಒಂದು ವೈರು ಎಳೆದು, ನಡುವೆ ಸ್ವಿಚ್ ಹಾಕಿ, ಸೀಟಿನ ತಂತಿಗೆ ನೇರ ಕೊಟ್ಟರೆ ಆಯ್ತಲ್ಲ. ನಮ್ಮ ಟ್ರ್ಯಾಕ್ಟರಲ್ಲಿ ಎಷ್ಟೋ ಕೆಲಸ ಹೀಗೇ ಮಾಡಿಕೊಂಡಿದ್ದೇವೆ.

ತೋರಣಗಲ್ಲು ಮೇಂಟೆನೆನ್ಸ್

ಅಣ್ಣಾರೇ, ಕೈಮುಗಿದು ಕೇಳುತ್ತೇನೆ, ಇದನ್ನು ಮಾತ್ರ ಯಾರೂ ಮಾಡಬೇಡಿ. ಟ್ರ್ಯಾಕ್ಟರಿನ ದೀಪಕ್ಕೆ ನೇರ ಕೊಟ್ಟರೆ ಅದು ಉರಿಯುತ್ತದೆ ಅಷ್ಟೆ. ಸೀಟಿನ ತಂತಿಗೆ ನೇರ ಕೊಟ್ಟರೆ ನಿಲ್ಲಿಸುವವರು ಯಾರು? ಥರ್ಮಿಸ್ಟರ್ ಇರೋದೇ ಅದಕ್ಕೆ. ಅದರ ಮೇಲೆ ಬಟ್ಟೆ, ಕೆಳಗೆ ಸ್ಪಂಜು, ಮೇಲೆ ಮನುಷ್ಯ. ಸ್ವಿಚ್ ಆರಿಸೋದು ಒಂದು ದಿನ ಮರೆತರೆ ಸಾಕು. ಇನ್ನೊಂದು, ನೇರ ಕೊಟ್ಟರೂ ಕಟ್ಟಾದ ತಂತಿ ಬಿಸಿ ಆಗಲ್ಲ. ಕಟ್ಟಾದ ಜಾಗದಲ್ಲಿ ಕಿಡಿ ಹಾರುತ್ತದೆ.

ಸಿಂಧನೂರು ಭತ್ತ

ಸರಿ ಸರ್, ಅರ್ಥ ಆಯ್ತು. ನನ್ನ ಮಾತು ವಾಪಸ್ ತಗೊಂಡೆ. ನಮ್ಮ ಊರಲ್ಲಿ ಒಬ್ಬರ ಕಾರಿನ ಸೀಟಲ್ಲಿ ಅಂಗೈ ಅಗಲ ಸುಟ್ಟ ತೂತು ನೋಡಿದ್ದೆ. ಸಿಗರೇಟಿಂದ ಆಗಿದೆ ಅಂದುಕೊಂಡಿದ್ದೆ. ಅವರು ಸಿಗರೇಟೇ ಸೇದಲ್ಲ ಅನ್ನೋದು ಈಗ ನೆನಪಾಯ್ತು.

ಕೋಟೆಗುಡ್ಡ ಬಳ್ಳಾರಿ

ಮುಂಜಾನೆ 5:40ಕ್ಕೆ ನೋಡಿದೆ. ರಾಯಚೂರಿನ ಅಣ್ಣನಿಗೆ ದೊಡ್ಡ ನಮಸ್ಕಾರ. ನನ್ನ ಸೀಟು ಎರಡೇ ನಿಮಿಷಕ್ಕೆ ಬೆಚ್ಚಗಾಯಿತು.

ಅಳತೆ ಬರೆದುಕೊಂಡಿದ್ದೇನೆ. ಮೀಟರ್ ಕಡ್ಡಿಗಳದ್ದೇ 0.3. ಅದನ್ನು ಕಳೆದು ನನ್ನ ಸೀಟು ದಪ್ಪ ತಂತಿಗಳ ನಡುವೆ 2.2 ಓಮ್ಸ್. ಸಣ್ಣ ತಂತಿಗಳ ನಡುವೆ 9.3 ಕಿಲೋ. ಅವ್ವನ ಸೀಟು ಸಣ್ಣ ತಂತಿಗಳ ನಡುವೆ 9.4 ಕಿಲೋ, ಅಂದರೆ ಥರ್ಮಿಸ್ಟರ್ ಚೆನ್ನಾಗಿದೆ. ದಪ್ಪ ತಂತಿಗಳ ನಡುವೆ ಏನೂ ಇಲ್ಲ, ಪೂರ್ತಿ ಕಟ್.

ಆದರೆ ಒಂದು ವಿಚಿತ್ರ. ಮೀಟರ್ ಹಚ್ಚಿಟ್ಟುಕೊಂಡೇ ಸೀಟಿನ ಮೇಲೆಲ್ಲ ಅಂಗೈ ಒತ್ತುತ್ತಾ ಬಂದೆ. ಬಾಗಿಲ ಕಡೆಯ ಅಂಚಿನಲ್ಲಿ, ಮುಂದಿನಿಂದ ಒಂದು ಗೇಣು ಹಿಂದೆ, ಅಲ್ಲಿ ಒತ್ತಿದಾಗ ಮಾತ್ರ 2.5 ಬಂತು. ಕೈ ತೆಗೆದರೆ ಮತ್ತೆ ಏನೂ ಇಲ್ಲ. ಹತ್ತು ಸಲ ಮಾಡಿದೆ, ಅದೇ ಜಾಗ.

ತೋರಣಗಲ್ಲು ಮೇಂಟೆನೆನ್ಸ್

ಸಿಕ್ಕಿಬಿಟ್ಟಿತು! ಕಟ್ಟಾದ ಎರಡು ತುದಿಗಳು ನೀವು ಒತ್ತಿದಾಗ ತಾಗುತ್ತಿವೆ. ಇನ್ನು ಸೀಟಿನ ಕನೆಕ್ಟರ್ ಜೋಡಿಸಿಕೊಂಡು ಆ ಬಟನ್ ಒತ್ತಲೇಬೇಡಿ. ತುದಿಗೆ ತುದಿ ತಾಗಿಬಿಟ್ಟು ಆಗುವಾಗಲೇ ಕಿಡಿ ಬರೋದು.

ಬಿಚ್ಚುವ ಮೊದಲು ಇನ್ನೊಂದು ಪರೀಕ್ಷೆ ಮುಗಿಸಿ. ಕಾರಿನ ಕಡೆಯ ಕನೆಕ್ಟರಿನಲ್ಲಿ ವೋಲ್ಟೇಜ್ ಬರುತ್ತದಾ ನೋಡಬೇಕು. ಬರೀ ಮೀಟರ್ ಹಿಡಿದರೆ ಸಾಲದು. ಪಿನ್ ಹಸಿರು ಹಿಡಿದು ಒಂದು ಎಳೆಯಷ್ಟೇ ತಾಗುತ್ತಿದ್ದರೂ ಮೀಟರ್ 12.5 ತೋರಿಸುತ್ತದೆ. ಮೀಟರ್ ಕರೆಂಟನ್ನೇ ಎಳೆಯಲ್ಲ ನೋಡಿ. ಇಂಡಿಕೇಟರಿನ 21 ವ್ಯಾಟ್ ಬಲ್ಬ್ ಒಂದಕ್ಕೆ ಎರಡು ವೈರ್ ಕಟ್ಟಿ ಅಲ್ಲಿ ಹಚ್ಚಿ. ಅದು ಸುಮಾರು ಪೌಣೇ ಎರಡು ಆಂಪ್ ಎಳೆಯುತ್ತದೆ. ಬಲ್ಬ್ ಉರಿಯುವಾಗ ವೋಲ್ಟೇಜ್ ನೋಡಿ. ಬಟನ್ ಒತ್ತಿದ ಐದಾರು ಸೆಕೆಂಡು ಮಾತ್ರ ಬಂದರೂ ಸಾಕು. ಬಲ್ಬ್ ಮಂಕಾದರೆ ವೈರಿಂಗಿನಲ್ಲಿ ಇನ್ನೊಂದು ತಪ್ಪಿದೆ. ಸಂಡೂರು, ತೋರಣಗಲ್ಲು ರಸ್ತೆಯಲ್ಲಿ ಓಡುವ ಕಾರುಗಳ ಸೀಟಿನ ಕೆಳಗೆ ಅದಿರಿನ ಕೆಂಪು ಧೂಳು ಪದರ ಪದರವಾಗಿ ಕೂತಿರುತ್ತದೆ. ಕಾರು ತೊಳೆಯುವಾಗ ಅದರ ಮೇಲೆ ನೀರು ಬಿದ್ದರೆ ತೇವ ಬೇಗ ಆರಲ್ಲ, ಪಿನ್ ಹಾಳಾಗುತ್ತದೆ. ನಮ್ಮ ಕಡೆ ಇದನ್ನು ನೋಡದೆ ಬಿಡಬಾರದು.

ಕೋಟೆಗುಡ್ಡ ಬಳ್ಳಾರಿ

ಬಲ್ಬ್ ಜೋರಾಗಿ ಹತ್ತಿತು. ಬಲ್ಬ್ ಉರಿಯುವಾಗಲೇ 13.6 ವೋಲ್ಟ್, ಎಂಜಿನ್ ಓಡುತ್ತಿತ್ತು. ಪಿನ್ ಹೊಳೆಯುತ್ತಿವೆ. ವೈರಿಂಗ್ ಚೆನ್ನಾಗಿದೆ.

ಕೊಪ್ಪಳ ಸಿಸ್ಟರ್

ನಾನು ನರ್ಸ್, ರಿಪೇರಿ ಗೊತ್ತಿಲ್ಲ. ಆದರೆ ಅವ್ವನ ವಿಷಯ ಓದಿ ಸುಮ್ಮನಿರಲು ಆಗಲಿಲ್ಲ. ಎರಡು ಪ್ರಶ್ನೆ.

ಒಂದು, ಅವರಿಗೆ ಸಕ್ಕರೆ ಕಾಯಿಲೆ ಇದೆಯಾ? ಎರಡು, ಅವರು ಕಾರು ಹತ್ತೋದು ಹೇಗೆ? ನೀವು ಹೇಳಿದ ಜಾಗ ಬಾಗಿಲ ಕಡೆಯ ಅಂಚು. ಸೊಂಟ ನೋವಿನವರು ಬಗ್ಗೋಕಾಗದೆ ಮೊದಲು ಒಂದು ಮೊಣಕಾಲನ್ನು ಸೀಟಿನ ಮೇಲೆ ಊರಿ, ಆಮೇಲೆ ತಿರುಗಿ ಕೂರುವುದನ್ನು ನಾನು ದಿನಾ ನೋಡುತ್ತೇನೆ.

ಕೋಟೆಗುಡ್ಡ ಬಳ್ಳಾರಿ

ಸಿಸ್ಟರ್, ನಿಮ್ಮ ಪ್ರಶ್ನೆ ಓದಿ ಮೈ ಝುಮ್ ಅಂತು. ಇವತ್ತು ಅವ್ವ ಹತ್ತುವಾಗ ಪಕ್ಕದಲ್ಲಿ ನಿಂತು ನೋಡಿದೆ. ಎಡಗೈಯಿಂದ ಬಾಗಿಲು ಹಿಡಿದರು. ಬಲ ಮೊಣಕಾಲನ್ನು ಸೀಟಿನ ಅಂಚಿಗೆ ಊರಿದರು. ಪೂರ್ತಿ ಭಾರ ಅದರ ಮೇಲೆ ಬಿಟ್ಟು, ಒಂದು ಕ್ಷಣ ಉಸಿರು ಹಿಡಿದು, ಆಮೇಲೆ ತಿರುಗಿ ಕೂತರು. ಒತ್ತಿದರೆ ಮೀಟರ್ ತೋರಿಸುತ್ತಿದ್ದ ಜಾಗಕ್ಕೆ ನಾನು ನಿನ್ನೆ ಸೀಮೆಸುಣ್ಣದ ಗುರುತು ಹಾಕಿದ್ದೆ. ಮೊಣಕಾಲು ಅದರ ಮೇಲೇ ಬಿತ್ತು. ಎರಡು ವರ್ಷದಿಂದ ವಾರಕ್ಕೆ ನಾಲ್ಕು ಸಲ ಹೀಗೇ ಹತ್ತಿದ್ದಾರೆ. ನಾನು ಅಷ್ಟೂ ಸಲ ಸ್ಟೇರಿಂಗ್ ಮುಂದೆ ಕೂತಿದ್ದೆ.

ಸಕ್ಕರೆ ಕಾಯಿಲೆ ಇದೆ, 12 ವರ್ಷದಿಂದ. ಪಾದ ಜೋಮು ಹಿಡಿದಂತೆ ಇರುತ್ತದೆ ಅನ್ನುತ್ತಾರೆ. ಇನ್ನೊಂದು ವಿಷಯ ಹೇಳಬೇಕು. ಸೀಟು ಗಟ್ಟಿ ಅಂತ ಅವ್ವ ಮೇಲೆ ಕೌದಿ ಮಡಿಚಿ ಹಾಕಿಕೊಂಡು ಕೂರುತ್ತಿದ್ದರು.

ಕೊಪ್ಪಳ ಸಿಸ್ಟರ್

ಅಣ್ಣಾ, ನಿಮ್ಮನ್ನು ನೀವು ಬೈದುಕೊಳ್ಳಬೇಡಿ. ಸೀಟು ಕೆಟ್ಟಿದ್ದಕ್ಕೇ ಇದು ಗೊತ್ತಾಯ್ತು.

ಹತ್ತುವುದು ಹೀಗೆ. ಸೀಟನ್ನು ಪೂರ್ತಿ ಹಿಂದೆ ಸರಿಸಿ. ಅವ್ವ ಕಾರಿಗೆ ಬೆನ್ನು ಮಾಡಿ ನಿಲ್ಲಬೇಕು. ಕಾಲಿನ ಹಿಂಭಾಗಕ್ಕೆ ಸೀಟು ತಾಗುವ ತನಕ ಹಿಂದೆ ಬಂದು, ಮೆಲ್ಲಗೆ ಕೂತು, ಆಮೇಲೆ ಎರಡೂ ಕಾಲು ಜೋಡಿಸಿಕೊಂಡು ಒಟ್ಟಿಗೆ ಒಳಗೆ ತಿರುಗಬೇಕು. ಸೊಂಟ ತಿರುಚಬಾರದು, ಇಡೀ ಮೈ ಒಂದಾಗಿ ತಿರುಗಬೇಕು. ಕಾಲು ಎತ್ತಲು ನೀವು ಕೈ ಕೊಡಿ. ಫಿಸಿಯೋಥೆರಪಿಯವರಿಗೂ ಹೇಳಿ, ಒಂದೆರಡು ಸಲ ಅವರೇ ಮಾಡಿಸುತ್ತಾರೆ.

ಸಕ್ಕರೆ ಕಾಯಿಲೆಯವರಿಗೆ ಚರ್ಮದ ಸ್ಪರ್ಶ ಕಮ್ಮಿ ಆಗಿರಬಹುದು. ಆಗ ಸುಡುತ್ತಿದ್ದರೂ ಗೊತ್ತಾಗಲ್ಲ. ಸುಡೋಕೆ ಬೆಂಕಿಯಷ್ಟು ಬಿಸಿ ಬೇಕಿಲ್ಲ. 44 ಡಿಗ್ರಿಯ ಬಿಸಿ ಒಂದೇ ಜಾಗಕ್ಕೆ 6 ಗಂಟೆ ತಾಗಿದರೂ ಚರ್ಮ ಸುಡುತ್ತದೆ. ಬಿಸಿ ಹೆಚ್ಚಾದಂತೆ ಬೇಕಾಗುವ ಹೊತ್ತು ಬೇಗ ಬೇಗ ಇಳಿಯುತ್ತದೆ. ಸೀಟು ಸರಿ ಆದಮೇಲೆ ಕೆಳಗಿನ ಹಂತದಲ್ಲಿ ಮಾತ್ರ ಹಾಕಿ. ಹದಿನೈದು ನಿಮಿಷಕ್ಕೆ ಆರಿಸಿ. ಅವ್ವ ಸಾಕು ಅನ್ನಲಿ ಎಂದು ಕಾಯಬೇಡಿ, ನೀವೇ ಸೀಟಿಗೂ ಅವರ ಬೆನ್ನಿಗೂ ನಡುವೆ ಅಂಗೈ ತೂರಿಸಿ ನೋಡಿ. ರಾತ್ರಿ ಸೊಂಟ, ತೊಡೆಯ ಚರ್ಮದಲ್ಲಿ ಕೆಂಪು ಅಥವಾ ಕಂದು ಬಲೆಯಂತೆ ಗೆರೆ ಇದೆಯಾ ಎಂದು ಮನೆಯ ಹೆಣ್ಣುಮಕ್ಕಳು ನೋಡಲಿ. ಕಂಡರೆ ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ಸೀಟಿನ ಬಿಸಿ ಅವರಿಗೆ ಆಗುತ್ತದಾ ಅನ್ನೋದನ್ನೂ ಅವರ ಡಾಕ್ಟರನ್ನೇ ಒಂದು ಮಾತು ಕೇಳಿಬಿಡಿ.

ತೋರಣಗಲ್ಲು ಮೇಂಟೆನೆನ್ಸ್

ಕೌದಿ ತೆಗೆಸಿ ಸರ್. ಮೇಲೆ ದಪ್ಪನೆಯದು ಹಾಸಿದರೆ ಬಿಸಿ ಹೊರಗೆ ಹೋಗಲು ದಾರಿ ಇಲ್ಲ. ಥರ್ಮಿಸ್ಟರ್ ಒಂದು ಕಡೆ ಕೂತಿರುತ್ತದೆ, ಬಿಸಿ ಇನ್ನೊಂದು ಕಡೆ ಸೇರುತ್ತದೆ. ಹೀಟರ್ ಇರುವ ಸೀಟಿನ ಮೇಲೆ ಕಂಬಳಿ, ದಿಂಬು ಹಾಕಬೇಡಿ ಅಂತ ಕಾರಿನ ಕೈಪಿಡಿಗಳಲ್ಲೇ ಬರೆದಿರುತ್ತಾರೆ.

ಕೌಲ್ ಬಜಾರ್ ಕುಶನ್

ನಾನು ಸೀಟು ಕುಶನ್ ಕೆಲಸದವನು. ಮೊದಲು ಜೀನ್ಸ್ ಹೊಲಿಯುತ್ತಿದ್ದೆ, ಬಳ್ಳಾರಿಯಲ್ಲಿ ನಮ್ಮಂಥವರು ಬಹಳ. ಸೀಟು ಬಿಚ್ಚುವುದು ನಿಮಗೆ ಬಿಟ್ಟದ್ದು, ಆದರೆ ಹೇಗೆ ಅಂತ ಹೇಳುತ್ತೇನೆ.

ಬ್ಯಾಟರಿಯ ಮೈನಸ್ ತೆಗೆದು ಹದಿನೈದು ನಿಮಿಷ ಕಾಯಿರಿ. ಆಮೇಲೆ ಹಳದಿ ಕನೆಕ್ಟರ್. ಸೀಟು ಹೊರಗೆ ಇರುವ ತನಕ ಕೀ ತಿರುಗಿಸಬಾರದು, ತಿರುಗಿಸಿದರೆ ಏರ್‌ಬ್ಯಾಗ್ ದೀಪ ಹತ್ತಿ ಕೂರುತ್ತದೆ, ಸ್ಕ್ಯಾನರ್ ಹಾಕಿಯೇ ಆರಿಸಬೇಕಾಗುತ್ತದೆ. ಸೀಟನ್ನು ನಾಲ್ಕು ಬೋಲ್ಟ್ ಹಿಡಿದಿರುತ್ತವೆ. ಎತ್ತುವಾಗ ಇಬ್ಬರು ಬೇಕು, ಬಾಗಿಲಿನ ಬಣ್ಣಕ್ಕೆ ಹಳಿ ತಾಗದಂತೆ ಗೋಣಿಚೀಲ ಹಾಸಿ.

ಕವರನ್ನು ಸ್ಪಂಜಿನ ಸಂದಿಯೊಳಗಿನ ಕಂಬಿಗೆ ಸಣ್ಣ ಸಣ್ಣ ಉಕ್ಕಿನ ರಿಂಗ್ ಹಾಕಿ ಬಿಗಿದಿರುತ್ತಾರೆ. ಅವನ್ನು ಕಟರಿನಿಂದ ಕತ್ತರಿಸಬೇಕು, ಎಳೆದು ಕೀಳಬಾರದು. ಎಳೆದರೆ ಕವರಿನ ಹೊಲಿಗೆ ಹೋಗುತ್ತದೆ, ಕೆಳಗಿನ ಹೀಟರ್ ತಂತಿಯೂ ಹೋಗುತ್ತದೆ. ಎಡಗಡೆ ಮುಂದಿನ ಸೀಟಲ್ಲಿ ಇನ್ನೊಂದು ತೆಳ್ಳನೆ ಹಾಳೆ ಇರಬಹುದು. ಯಾರಾದರೂ ಕೂತಿದ್ದಾರಾ ಎಂದು ಕಾರಿಗೆ ಹೇಳೋದು ಅದೇ. ಅದನ್ನು ಮಡಿಸಬಾರದು. ನನ್ನ ಹತ್ತಿರ ತಂದರೆ ನಿಮ್ಮ ಎದುರಿಗೇ ಬಿಚ್ಚುತ್ತೇನೆ.

ಕೋಟೆಗುಡ್ಡ ಬಳ್ಳಾರಿ

ಕೌಲ್ ಬಜಾರ್ ಅಣ್ಣನ ಹತ್ತಿರವೇ ಹೋದೆ. ಅವರು ರಿಂಗ್ ಒಂದೊಂದಾಗಿ ಕತ್ತರಿಸಿ, ಕವರನ್ನು ನಿಧಾನಕ್ಕೆ ಹಿಂದಕ್ಕೆ ಸುರುಳಿ ಸುತ್ತಿದರು. ಬಿಳಿ ಹತ್ತಿಯಂಥ ಹಾಳೆ ಕಂಡಿತು, ಅದರ ಮೇಲೆ ಕೂದಲಿನಷ್ಟು ಸಣ್ಣ ಎಳೆಗಳನ್ನು ಹೊಸೆದ ತಂತಿ. ಬಾಗಿಲ ಕಡೆ ಅಂಚಿಗೆ ಬಂದಾಗ ಇಬ್ಬರೂ ಸುಮ್ಮನಾದೆವು. ಒಂದು ರೂಪಾಯಿ ನಾಣ್ಯದಷ್ಟು ಅಗಲ ಕಂದು ಕಲೆ. ನಡುವೆ ಕಪ್ಪು ಚುಕ್ಕೆ. ಅಲ್ಲಿ ತಂತಿಯ ಎರಡು ತುದಿ, ಎರಡೂ ಕರಗಿ ಸಾಸಿವೆಯಂತೆ ಗುಂಡಗಾಗಿದ್ದವು. ಕೆಳಗಿನ ಸ್ಪಂಜು ಬೆರಳಿಟ್ಟರೆ ಪುಡಿ ಆಗುತ್ತಿತ್ತು. ಮೇಲಿನ ಕವರಿನ ಒಳಮೈ ಹಳದಿ ಆಗಿತ್ತು. ಹೊರಗಡೆಯಿಂದ ಏನೇನೂ ಕಾಣುತ್ತಿರಲಿಲ್ಲ. ಇದರ ಮೇಲೆ ಅವ್ವ ಕೂರುತ್ತಿದ್ದರು.

ಅಂಗಡಿಯಲ್ಲಿದ್ದ ಒಬ್ಬರು ತಂತಿ ಬೆಸುಗೆ ಹಾಕಿಬಿಡಿ, ಐವತ್ತು ರೂಪಾಯಿ ಕೆಲಸ ಅಂದರು. ಏನು ಮಾಡಲಿ?

ತೋರಣಗಲ್ಲು ಮೇಂಟೆನೆನ್ಸ್

ಬೆಸುಗೆ ಬೇಡ. ಹೀಟರ್ ತಂತಿ ನಿಕ್ರೋಮ್ ಜಾತಿಯದ್ದಾದರೆ ಸಾದಾ ಸೀಸ ಅದಕ್ಕೆ ಸರಿಯಾಗಿ ಹಿಡಿಯೋದೇ ಇಲ್ಲ. ತಾಮ್ರದ ಮಿಶ್ರಣದ್ದಾದರೆ ಹಿಡಿಯುತ್ತದೆ, ಆದರೆ ಬೆಸುಗೆ ಹಾಕಿದ ಜಾಗ ಕಡ್ಡಿಯಂತೆ ಗಟ್ಟಿ ಆಗುತ್ತದೆ. ದಿನಾ ಭಾರ ಬಿದ್ದು ಬಾಗುವ ಕಡೆ ಅದರ ಪಕ್ಕದಲ್ಲೇ ಮತ್ತೆ ಮುರಿಯುತ್ತದೆ. ಒತ್ತಿ ಕೂರಿಸುವ ಸಣ್ಣ ತಾಮ್ರದ ತೋಳು ಬರುತ್ತದೆ, ಕ್ರಿಂಪ್ ಅಂತಾರೆ. ಬೆನ್ನಿನ ಭಾಗದಲ್ಲಿ, ಭಾರ ಬೀಳದ ಮೂಲೆಯಲ್ಲಿ ಕಟ್ಟಾಗಿದ್ದರೆ ಅದನ್ನು ಹಾಕಿ ಅಂತಿದ್ದೆ. ಇಲ್ಲಿ ಸುತ್ತಲ ಎಳೆಗಳೂ ಬೆಂದಿವೆ, ಸ್ಪಂಜೂ ಬೆಂದಿದೆ. ಅವ್ವನ ಚರ್ಮಕ್ಕೆ ಸ್ಪರ್ಶ ಕಮ್ಮಿ ಇದೆ. ನನ್ನ ಅವ್ವ ಆಗಿದ್ದರೆ ನಾನು ಹಾಳೆಯನ್ನೇ ಬದಲಾಯಿಸುತ್ತಿದ್ದೆ.

ಕೂರುವ ಭಾಗದ ಹಾಳೆ ಒಂದನ್ನೇ ಕೇಳಿ, ಪೂರ್ತಿ ಸೀಟು ಬೇಡ. ಹಾಳೆಯ ಮೂಲೆಯಲ್ಲಿ ಪಾರ್ಟ್ ನಂಬರ್ ಇರುತ್ತದೆ. ಆನ್‌ಲೈನಲ್ಲಿ ಸಿಗುವ ಕಾರ್ಬನ್ ಹಾಳೆಯನ್ನು ಹಳೇ ಬಾಕ್ಸಿಗೆ ಜೋಡಿಸಬೇಡಿ. ಅದರ ಓಮ್ಸ್ ಬೇರೆ, ಥರ್ಮಿಸ್ಟರ್ ಬೇರೆ. ಅದನ್ನು ಹಾಕುವುದಾದರೆ ಅದರದ್ದೇ ಸ್ವಿಚ್, ರಿಲೇ, ಫ್ಯೂಸ್ ಸಮೇತ ಬೇರೆಯಾಗಿಯೇ ಹಾಕಬೇಕು.

ಕೋಟೆಗುಡ್ಡ ಬಳ್ಳಾರಿ

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಪಾರ್ಟ್ ನಂಬರ್ ಕೊಟ್ಟು ಹಾಳೆ ಮಾತ್ರ ತರಿಸಿದೆ. 11 ದಿನ ಆಯ್ತು, 6,400 ರೂಪಾಯಿ. ಕುಶನ್ ಅಣ್ಣ ಬೆಂದ ಸ್ಪಂಜನ್ನು ಚೌಕಾಕಾರ ಕತ್ತರಿಸಿ ತೆಗೆದು, ಅಷ್ಟೇ ಗಟ್ಟಿಯ ಹೊಸ ತುಂಡು ಅಂಟಿಸಿದರು. ಅಂಟು ಒಣಗೋಕೆ ಒಂದು ರಾತ್ರಿ ಬಿಟ್ಟರು. ಹಾಳೆ ಹಾಸಿ ಕೈಯಿಂದ ಸವರಿ ಸವರಿ ಒಂದು ಸುಕ್ಕೂ ಇಲ್ಲದಂತೆ ಕೂರಿಸಿದರು. ಸುಕ್ಕು ಇದ್ದರೆ ಅಲ್ಲೇ ಮತ್ತೆ ಮುರಿಯುತ್ತದಂತೆ. ಕವರ್ ಮುಚ್ಚುವ ಮೊದಲು ಓಮ್ಸ್ ನೋಡಿದೆ. ಕೂರುವ ಭಾಗ 1.2, ಬೆನ್ನಿನ ಭಾಗ 1.0. ಸೇರಿಸಿ 2.2, ನನ್ನ ಸೀಟಿನಷ್ಟೇ. ಮುಚ್ಚಿದ ಮೇಲೆ ಮತ್ತೊಮ್ಮೆ ನೋಡಿದೆ, ಅದೇ. ಕೂಲಿ 1,500 ಕೊಟ್ಟೆ.

ಡಿಸಿ ಅಳೆಯುವ ಕ್ಲ್ಯಾಂಪ್ ಮೀಟರ್ ಒಬ್ಬರ ಹತ್ತಿರ ಇಸಿದುಕೊಂಡೆ. ನಸುಕಿನಲ್ಲಿ ಎಂಜಿನ್ ಶುರು ಮಾಡಿ ಬಟನ್ ಒತ್ತಿದೆ. 6.2 ಆಂಪ್. ನಾಲ್ಕು ನಿಮಿಷಕ್ಕೆ ಸೊನ್ನೆ, ಸ್ವಲ್ಪ ಹೊತ್ತಿಗೆ ಮತ್ತೆ 6.2, ಮತ್ತೆ ಸೊನ್ನೆ. ಬಾಕ್ಸ್ ಲೆಕ್ಕ ಇಟ್ಟು ಬಿಡುತ್ತಿದೆ, ನಿಲ್ಲಿಸುತ್ತಿದೆ. ಏರ್‌ಬ್ಯಾಗ್ ದೀಪ ಹತ್ತಲಿಲ್ಲ. ಮೊದಲ ಮೂರು ದಿನ ಅವ್ವನನ್ನು ಕೂರಿಸಲಿಲ್ಲ. ನಾನೇ ಅಲ್ಲಿ ಅರ್ಧರ್ಧ ಗಂಟೆ ಕೂತು, ಎದ್ದು, ಸೀಟಿನ ಇಂಚಿಂಚಿಗೂ ಅಂಗೈ ಇಟ್ಟು ನೋಡಿದೆ. ಎಲ್ಲೂ ಹೆಚ್ಚು ಬಿಸಿ ಇಲ್ಲ.

ಅವ್ವನ ಡಾಕ್ಟರನ್ನೂ ಕೇಳಿದೆ. ಕೆಳಗಿನ ಹಂತ, ಹದಿನೈದು ನಿಮಿಷ, ಅಷ್ಟಕ್ಕೆ ಒಪ್ಪಿದರು.

ತೋರಣಗಲ್ಲು ಮೇಂಟೆನೆನ್ಸ್

ಸರ್, ಕಣ್ಣಿಗೆ ಕಟ್ಟಿದಂತೆ ಬರೆದಿದ್ದೀರಿ. 42 ಸಾವಿರದ ಮಾತು ಎಂಟು ಸಾವಿರದೊಳಗೆ ಮುಗಿಯಿತು. ಬಹಳ ಖುಷಿ ಆಯ್ತು.

ಕೊಪ್ಪಳ ಸಿಸ್ಟರ್

ಅವ್ವ ಈಗ ಹೇಗೆ ಹತ್ತುತ್ತಾರೆ?

ಕೋಟೆಗುಡ್ಡ ಬಳ್ಳಾರಿ

ನೀವು ಹೇಳಿದ ಹಾಗೇ ಸಿಸ್ಟರ್. ಮೊದಲೆರಡು ದಿನ ಬೆನ್ನು ಮಾಡಿ ಕೂರೋಕೆ ಹೆದರಿದರು, ಹಿಂದೆ ಸೀಟು ಇದೆಯೋ ಇಲ್ಲವೋ ಎಂದು. ಈಗ ನಾನು ಇಳಿದು ಬಂದು ಎರಡೂ ಕೈ ಹಿಡಿಯುತ್ತೇನೆ, ಅವರು ಕೂರುತ್ತಾರೆ, ಕಾಲು ನಾನು ಎತ್ತಿ ಒಳಗೆ ಇಡುತ್ತೇನೆ. ಕಾಲು ಊರಲು ಒಂದು ಮರದ ಮಣೆ ಮಾಡಿಸಿದ್ದೇನೆ. ಕೌದಿ ಈಗ ಹಿಂದಿನ ಸೀಟಲ್ಲಿದೆ. ನಿನ್ನೆ ಸಿರುಗುಪ್ಪ ದಾಟುವಾಗ ಸೀಟು ಆರಿಸೋಕೆ ಹೋದೆ. 'ಇನ್ನೊಂದು ಸ್ವಲ್ಪ ಇರಲಿ ಬಿಡೋ' ಅಂದರು. ನಾನು ಕೇಳಲಿಲ್ಲ, ಆರಿಸಿದೆ.

ಸಿಂಧನೂರು ಭತ್ತ

ಅಣ್ಣಾ, ಆ ಮಣೆಯ ಅಳತೆ ಹಾಕಿ. ನಮ್ಮ ಮನೆಯಲ್ಲೂ ಅಜ್ಜಿ ಇದ್ದಾರೆ, ಮೊಣಕಾಲು ಊರಿಯೇ ಹತ್ತುತ್ತಾರೆ.

ಕೋಟೆಗುಡ್ಡ ಬಳ್ಳಾರಿ

ಎತ್ತರ 6 ಇಂಚು, ಅಗಲ 12, ಉದ್ದ 16. ಬೇವಿನ ಹಲಗೆ. ಕೆಳಗೆ ನಾಲ್ಕೂ ಮೂಲೆಗೆ ಹಳೇ ಸೈಕಲ್ ಟೈರಿನ ತುಂಡು ಮೊಳೆ ಹೊಡೆಸಿ, ಡಾಂಬರಿನ ಮೇಲೆ ಜಾರಬಾರದು. ಮೇಲೆ ಕಾಲಿಡುವ ಕಡೆಗೂ ಒಂದು ಪಟ್ಟಿ ಹಾಕಿಸಿ. ಅಜ್ಜಿ ಕುಳ್ಳಗಿದ್ದರೆ ಎತ್ತರ ಒಂದು ಇಂಚು ಜಾಸ್ತಿ ಮಾಡಿಸಿ, ಕೂತಾಗ ಪಾದ ಪೂರ್ತಿ ಮಣೆಯ ಮೇಲೆ ಊರಬೇಕು.